ತ್ಸುಮಾಗೊ ಕಡೆಯ ಏರು

ಟಕ್ ಟಕ್ ಟಕ್ — ಮುಂದೆ ಹೋಗುತ್ತಿರುವ ಈ ವಿದೇಶಿ ಜೋಡಿಯ ಊರುಗೋಲುಗಳು ಘಟ್ಟದ ನೆತ್ತಿ ಸಿಗುವ ತನಕ ಹೀಗೇ ಕುಟ್ಟುತ್ತಿರುತ್ತವೇನೋ, ಹಲ್ಲಿನ ಡಾಕ್ಟರು ಒಂದೊಂದೇ ಹಲ್ಲು ತಟ್ಟಿ ಇದು ನೋಯುತ್ತಾ, ಇದು ನೋಯುತ್ತಾ ಎಂದು ಕೇಳಿದ ಹಾಗೆ, ನೋಯುತ್ತೆ ಕಣ್ರಪ್ಪಾ, ಎಲ್ಲಾ ನೋಯುತ್ತೆ, ದಾಟಿ ಹೋಗಿ ಅತ್ತ, ಇಲ್ಲ, ನಿಂತರು, ಜಲಪಾತಕ್ಕೆ ಬೆನ್ನು ಕೊಟ್ಟು ಹಲ್ಲು ಕಿರಿಯುತ್ತ ಆ ಹೆಂಗಸು ನನ್ನ ಕಡೆ ಫೋನು ಚಾಚಿದ್ದಾಳೆ, ಒಂದು ಫೋಟೋ ಅಂತೆ, ತೆಗೆದೆ, ಗಂಡನ ತಲೆ ಅರ್ಧಕ್ಕೆ ಕತ್ತರಿಸಿ ತೆಗೆದೆ, ಬೇಕೆಂದೇ, ನೋಡಿಯೂ ನೋಡದೆ ಬಾಗಿ ಬಾಗಿ ವಂದಿಸಿ ಹೊರಟರು, ಟಕ್ ಟಕ್. ಇವರು ಸುಖಕ್ಕೆ ಬಂದವರು. ನಾನು ನೋಡಿಕೊಂಡು ಹೋಗಲು ಬಂದವಳು. ನಮ್ಮ ಜನವೇ ಹಾಗೆ, ಶಾಲೆಯ ಪ್ರವಾಸವಾಗಲಿ ಮದುವೆಯ ಊಟವಾಗಲಿ ಸಾವಿನ ಮನೆಯಾಗಲಿ, ಯಾರಾದರೊಬ್ಬರು ಮುಂಚೆ ಹೋಗಿ ಮೆಟ್ಟಿಲು ಜಾರುತ್ತದೆಯೇ, ಶೌಚಾಲಯ ಎಲ್ಲಿದೆ, ಮಳೆ ಹಿಡಿದರೆ ಎಲ್ಲಿ ನಿಲ್ಲುವುದು ಎಂದು ನೋಡಿ ಬರಲೇಬೇಕು, ಆ ಯಾರಾದರೊಬ್ಬರು ನಮ್ಮ ಮನೆಯಲ್ಲಿ ಯಾವತ್ತೂ ನಾನೇ, ಹಿಬಿನೊ ಚಿಜುರು, ಗಂಡನಿಲ್ಲ, ಮಕ್ಕಳಿಲ್ಲ, ಐವತ್ತು ದಾಟಿದೆ, ನಗೋಯಾದ ಕಿವಿಯಂತ್ರದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮುದುಕರ ಕಿವಿಗೆ ಬಾಯಿಟ್ಟು ಕೇಳಿಸ್ತಾ ಇದೆಯಾ, ಈಗ ಕೇಳಿಸ್ತಾ ಇದೆಯಾ ಎಂದು ಕೂಗುವವಳು, ರಜೆ ಸಿಕ್ಕ ದಿನವೂ ಮುದುಕರದೇ ಚಾಕರಿ. ಕಲ್ಲು ಒದ್ದೆಯಾಗಿದೆ, ಪಾಚಿ, ಇಲ್ಲಿ ಕಾಲಿಟ್ಟರೆ ಎಂಬತ್ತು ದಾಟಿದ ಮೂಳೆ ಲಟ್ಟೆನ್ನುತ್ತದೆ, ಸರಿ, ನೋಡಿಕೊಂಡೆ.

ಹೊಸವರ್ಷದ ದಿನ ಗಂಟುಬಿದ್ದ ಕರ್ಮ ಇದು. ಕಾಲು ಬೆಚ್ಚಗಿಡುವ ಮೇಜಿನ ಸುತ್ತ ಹೊದಿಕೆಯೊಳಗೆ ಕಾಲು ತೂರಿಸಿ ನಾಲ್ವರೂ ಕೂತಿದ್ದೆವು, ಸಪ್ಪೊರೊದಿಂದ ತಮ್ಮ ಮಿತ್ಸುಹಿಕೊ ಬಂದಿದ್ದ, ಅಂಟಕ್ಕಿಯ ಮೋಚಿ ಉಂಡೆ ಗಂಟಲಿಗೆ ಸಿಕ್ಕೀತೆಂದು ಅಮ್ಮ ಸಣ್ಣಗೆ ಹೆಚ್ಚಿಟ್ಟಿದ್ದನ್ನು ನೋಡಿ ಅಪ್ಪ, ನಾನೇನು ಹಸುಗೂಸಾ ಎಂದು ಬಟ್ಟಲು ತಳ್ಳಿದರು, ಆಮೇಲೆ ಯಾರೂ ಕೇಳದೆ, ಯಾರ ಮುಖವನ್ನೂ ನೋಡದೆ, ಈ ಶರತ್ಕಾಲಕ್ಕೆ ಹಳೇ ಹೆದ್ದಾರಿ ನಡೆದು ಬರೋಣ, ಮಾಗೊಮೆ ತ್ಸುಮಾಗೊ ಊರುಗಳ ನಡುವಿನದು, ನಿಮ್ಮಮ್ಮನಿಗೆ ಆಸೆಯಂತೆ, ಎಂದರು. ಅಮ್ಮನಿಗೆ ಆಸೆಯಂತೆ! ಅಮ್ಮ ಕಿತ್ತಳೆ ತೊಳೆಯ ನಾರು ಬಿಡಿಸುತ್ತ ಕೂತಿದ್ದಳು, ತಲೆಯೆತ್ತಲಿಲ್ಲ, ತನ್ನ ಹಟಕ್ಕೆಲ್ಲ ಅವಳ ಹೆಸರು ಮುಂದೆ ಮಾಡುವುದು ಈ ಮನುಷ್ಯನಿಗೆ ಹುಟ್ಟುಗುಣ, ಕಾರು ಬದಲಾಯಿಸಿದಾಗ ನಿಮ್ಮಮ್ಮನಿಗೆ ಹತ್ತೋಕೆ ಇಳಿಯೋಕೆ ಕಷ್ಟ, ನಾಯಿ ಬೇಡವೆಂದಾಗ ನಿಮ್ಮಮ್ಮನಿಗೆ ಕೂದಲು ಆಗಲ್ಲ. ಮಿತ್ಸುಹಿಕೊ ಚಪ್ಪಾಳೆ ತಟ್ಟಿದ, ಒಳ್ಳೇ ಯೋಚನೆ ಅಪ್ಪಾ, ಅಕ್ಕ ಎಲ್ಲಾ ನೋಡ್ಕೊಳ್ತಾಳೆ, ಅಲ್ವಾ ಅಕ್ಕಾ, ನನಗೆ ಆ ಹೊತ್ತಲ್ಲಿ ರಜೆ ಸಿಗೋದು ಡೌಟು. ಅವನಿಗೆ ಯಾವ ಹೊತ್ತಲ್ಲೂ ಸಿಗುವುದಿಲ್ಲ. ದೂರ ಇರುವ ಮಗ ತುಪ್ಪ, ಪಕ್ಕದ ಬೀದಿಯಲ್ಲಿರುವ ಮಗಳು ಒಲೆಯ ಬೂದಿ. ಸರಿ ಎಂದು ನಾನು ನಿಧಾನದ ನಡಿಗೆಗೆ ತಕ್ಕಂತೆ ಯೋಚಿಸಿಕೊಂಡು ಹೋದೆ, ಎಲ್ಲದಕ್ಕೂ ಅಪ್ಪನದು ಲೊಚ್, ಮೇಲಿನ ಅಂಗುಳಕ್ಕೆ ನಾಲಿಗೆ ಅಂಟಿಸಿ ಕೀಳುವ ಆ ಸದ್ದು, ಗಂಟುಮೂಟೆ ಮುಂದಿನ ಊರಿಗೆ ಮೊದಲೇ ಕಳಿಸಬಹುದು ಅಪ್ಪ — ಲೊಚ್, ನನ್ನ ಗಂಟು ನಾನು ಹೊರ್ತೀನಿ, ನಡುವೆ ಬಸ್ಸಿದೆ ಅಪ್ಪ — ಲೊಚ್, ಬಸ್ಸಲ್ಲಿ ಕೂತು ಹೋದರೆ ಅದು ನಡಿಗೆನಾ, ಹೆಣದ ಮೆರವಣಿಗೆ, ಒಂದು ಊರುಗೋಲಾದ್ರೂ ತಗೊಳ್ಳಿ — ಲೊಚ್. ಜೀವಮಾನವಿಡೀ ಮಿಡ್ಲ್ ಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರು, ಕೊರಳಲ್ಲಿ ಸೀಟಿ, ಹುಡುಗರನ್ನು ಓಡಿಸಿ ಓಡಿಸಿ ಸಾಕಾಗಿ ಮನೆಗೆ ಬಂದು ನಮ್ಮನ್ನು ಓಡಿಸಿದರು, ಸೀಟಿ ಹೋಯಿತು, ಲೊಚ್ ಉಳಿಯಿತು.

ಫೋನು. ಅವರೇ. ಎತ್ತದಿದ್ದರೆ ಎತ್ತುವ ತನಕ ಮಾಡುತ್ತಾರೆ. ಎಲ್ಲಿದ್ದೀಯ, ಎಂದು ಕಾಡಿಗೆಲ್ಲ ಕೇಳುವ ಹಾಗೆ ಕಿರುಚಿದರು, ಕಿವಿ ಕೇಳಿಸದವರು ಲೋಕವೆಲ್ಲ ಕಿವುಡು ಅಂದುಕೊಳ್ಳುತ್ತಾರೆ, ನನ್ನ ಅಂಗಡಿಯಲ್ಲೇ ಒಳ್ಳೊಳ್ಳೆಯ ಯಂತ್ರ ಇದೆ, ಕಿವಿಗಿಡಿ ಎಂದರೆ ಲೊಚ್. ಜಲಪಾತದ ಹತ್ತಿರ ಇದ್ದೀನಿ ಅಪ್ಪ. ಯಾವುದು, ಗಂಡು ಜಲಪಾತವೋ ಹೆಣ್ಣು ಜಲಪಾತವೋ? ಹೆಣ್ಣು ದಾಟಿದೆ, ಗಂಡಿನ ಹತ್ತಿರ ಇದ್ದೀನಿ, ಎರಡೂ ನೀರೇ. ತ್ಸುಮಾಗೊ ಕಡೆಯಿಂದ ಯಾಕೆ ಹತ್ತಿದೆ, ಆ ಕಡೆ ಏರು ಜಾಸ್ತಿ, ಮಾಗೊಮೆಯಿಂದ ಬಂದರೆ ಇಳಿಜಾರು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಹಳೇ ಕಾಲದವರು ಕ್ಯೋತೋ ಕಡೆ ಮುಖ ಮಾಡಿ ನಡೀತಿದ್ರು ಅಪ್ಪ, ಹಂಗೇ ಸರಿ, ಯಾಕೆ, ನಿಮಗೆ ಏರು ಆಗಲ್ವಾ? ನನಗಾ! ನಿನಗಿಂತ ಮೊದಲು ಹತ್ತಿ ಕೂತಿರ್ತೀನಿ. ಆಯ್ತಲ್ಲ. ಬೆಂಚು ಎಲ್ಲೆಲ್ಲಿದೆ ನೋಡ್ಕೊಂಡೆಯಾ? ಬೆಂಚು ಯಾರಿಗೆ ಅಪ್ಪ, ಕೂರೋರು ಯಾರು? ನಿಮ್ಮಮ್ಮ. ಅಮ್ಮ ನಡೆಯಲ್ಲ, ಅವಳ ಮಂಡಿಗೆ ಆಗಲ್ಲ, ಅವಳನ್ನ ಬಸ್ಸು ಹತ್ತಿಸ್ತೀನಿ, ನಾವಿಬ್ಬರೇ ನಡೆಯೋದು. ಅವಳು ಬಸ್ಸು ಹತ್ತಲ್ಲ. ಹತ್ತಿಸ್ತೀನಿ ಅಂದ್ನಲ್ಲ. ನಿನಗೆ ನಿಮ್ಮಮ್ಮ ಗೊತ್ತಿಲ್ಲ. ಲೊಚ್. ಇಟ್ಟರು. ನನಗೆ ನನ್ನ ಅಮ್ಮ ಗೊತ್ತಿಲ್ಲವಂತೆ, ಪ್ರತಿ ಭಾನುವಾರ ಅವಳ ಮಂಡಿಗೆ ಎಣ್ಣೆ ಹಚ್ಚುವವಳು ನಾನು, ಅವಳ ಔಷಧಿಯ ಡಬ್ಬಿ ತುಂಬುವವಳು ನಾನು. ಇಲ್ಲೊಂದು ಕಂಬಕ್ಕೆ ಗಂಟೆ ನೇತು ಹಾಕಿದ್ದಾರೆ, ಕರಡಿ ಇದೆ, ಜೋರಾಗಿ ಬಾರಿಸಿ ಎಂದು ಹಲಗೆ, ಬಾರಿಸಿದೆ, ಢಣ್, ಬಾ ಮಾರಾಯ, ಮುಂದಿನ ತಿಂಗಳು ಬಾ, ಮುದುಕನೊಬ್ಬ ಬರುತ್ತಾನೆ, ಮಾಂಸ ಗಟ್ಟಿ, ಆದರೆ ಬಾಯಿ ಮುಚ್ಚುತ್ತದಲ್ಲ.

ಹೌದು, ಬೇಕೆಂದೇ ತ್ಸುಮಾಗೊ ಕಡೆಯ ಏರು ಆರಿಸಿದ್ದು. ಇದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ, ಒಳಗೊಳಗೇ ಚಪ್ಪರಿಸುತ್ತಿದ್ದೇನೆ, ನಾಲಿಗೆಯ ಕೆಳಗಿಟ್ಟ ಉಮೆಕಾಯಿಯ ಉಪ್ಪಿನಕಾಯಿಯ ಹಾಗೆ. ಅಮ್ಮ ಬಸ್ಸಿನಲ್ಲಿ ಸುಖವಾಗಿ ಮಾಗೊಮೆಗೆ ಹೋಗಿ ಕೂತಿರುತ್ತಾಳೆ, ಈ ಏರಿನಲ್ಲಿ ನಾವಿಬ್ಬರೇ, ಮೊದಲು ಜಂಭದಲ್ಲಿ ಮುಂದೆ ಹೋಗುತ್ತಾರೆ, ಹೋಗಲಿ, ಬಾಯಿ ತೆರೆದು ಉಸಿರು ಬಿಡಲಿ, ತೊಡೆ ನಡುಗಲಿ, ಯಾವುದೋ ಬೇರಿನ ಮೇಲೆ ಕುಕ್ಕರಿಸಿ ಒಂದು ನಿಮಿಷ ತಡಿ ಚಿಜುರು ಎನ್ನಲಿ, ಆಗ ನಾನು ನಿಲ್ಲುವುದಿಲ್ಲ, ತಿರುಗಿ ನೋಡಿ ಅವರದೇ ಮಾತನ್ನು ಅವರಿಗೇ ಕೊಡುತ್ತೇನೆ, ಕೂತರೆ ಕೂತ್ಕೊಳ್ಳಿ, ಬಸ್ಸಿಗೆ ತಡವಾಗುತ್ತೆ. ಅಷ್ಟೇ. ಒಂದೇ ಮಾತು. ಹೇಳಿ ಮುಂದೆ ನಡೆದುಬಿಡುತ್ತೇನೆ, ಮರಗಳ ನಡುವೆ ನನ್ನ ಬೆನ್ನು ಚಿಕ್ಕದಾಗುವುದನ್ನು ನೋಡುತ್ತ ಕೂತಿರಲಿ, ಅಮ್ಮ ಕೂತಿದ್ದ ಹಾಗೆ. ನಾನಾಗ ಮೂರನೇ ಕ್ಲಾಸು, ಮಿತ್ಸುಹಿಕೊ ಇನ್ನೂ ಶಾಲೆಗೆ ಸೇರಿರಲಿಲ್ಲ, ಇದೇ ದಾರಿ, ಆವತ್ತು ಮಾಗೊಮೆಯಿಂದ ಇಳಿದು ಬರುತ್ತಿದ್ದೆವು, ಸೀಟಿ ಊದುತ್ತ ಅಪ್ಪ ಮುಂದೆ, ನಾವು ನಡುವೆ, ಅಮ್ಮ ಹಿಂದೆ, ಅವಳಿಗೆ ಜ್ವರ ಬಂದಿತ್ತು, ಕೈ ಹಿಡಿದರೆ ಬಿಸಿ, ಘಟ್ಟ ದಾಟಿ ಚಹಾ ಮನೆ ದಾಟಿ ಒಂದು ದೊಡ್ಡ ದೇವದಾರುವಿನ ಬುಡದಲ್ಲಿ ಚಪ್ಪಟೆ ಕಲ್ಲಿನ ಮೇಲೆ ಕೂತುಬಿಟ್ಟಳು, ಅಪ್ಪ ಹಿಂದೆ ಹೋಗಿ ಅವಳ ಹತ್ತಿರ ಏನೋ ಜೋರುಜೋರಾಗಿ ಮಾತಾಡಿದರು, ತಿರುಗಿ ಬಂದವರ ಮುಖ ಕೆಂಪಗೆ ಸುಟ್ಟ ಹಾಗಿತ್ತು, ಅಮ್ಮ ಎಂದು ನಾನು ಓಡಿದರೆ ನನ್ನ ತೋಳು ಹಿಡಿದೆಳೆದು, ಕೂತರೆ ಕೂತ್ಕೊಳ್ಳಲಿ, ಬಸ್ಸಿಗೆ ತಡವಾಗುತ್ತೆ, ಮಿತ್ಸುಹಿಕೊನನ್ನು ಹೆಗಲಿಗೇರಿಸಿ ದಡದಡ ಇಳಿದರು, ನಾನು ಹಿಂದೆ ನೋಡುತ್ತ ನೋಡುತ್ತ ಎಡವುತ್ತ. ಕೆಳಗೆ ಬಸ್ಸುಗಳು ಬಂದವು, ಹೋದವು, ನಾವು ಹತ್ತಲಿಲ್ಲ, ಹೊತ್ತು ಮುಳುಗುವಾಗ ಅವಳು ಒಬ್ಬಳೇ ಇಳಿದು ಬಂದಳು. ಜ್ವರದ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದವನು. ಕಾಲೇಜಿನಲ್ಲಿದ್ದಾಗ ಒಮ್ಮೆ ಮುಖಕ್ಕೆ ಹೇಳಿದೆ, ನೀವು ಅಮ್ಮನ್ನ ಕಾಡಲ್ಲಿ ಬಿಟ್ಟು ಬಂದೋರು. ಪೇಪರು ಮಡಿಸಿ, ಹೌದು ಬಿಟ್ಟು ಬಂದೆ, ಏನೀಗ, ಎಂದರು.

ಉಸಿರು ಹತ್ತುತ್ತಿದೆ ನನಗೇ, ಬೆವರು ಬೆನ್ನ ಹುರಿಯಲ್ಲಿ ಇಳಿಯುತ್ತಿದೆ, ದಾರಿಯ ತುಂಬ ಚೆಸ್ಟ್‌ನಟ್‌ನ ಮುಳ್ಳುಚಿಪ್ಪುಗಳು, ಖಾಲಿ, ಯಾವುದೋ ಹಂದಿ ತಿಂದು ಉಗಿದದ್ದು. ಅಗೋ ಆ ಮರ. ಅದೇ. ಬುಡದಲ್ಲಿ ಕಲ್ಲು, ಅಷ್ಟು ದೊಡ್ಡದೇನಲ್ಲ, ನನ್ನ ತಲೆಯೊಳಗೆ ಅದು ಬಂಡೆಯಾಗಿತ್ತು, ಇದು ಒಬ್ಬಳು ಹೆಂಗಸು ಕೂತರೆ ಮುಗಿಯುವಷ್ಟು, ಮೇಲೆ ಪಾಚಿ, ಸೂಜಿ ಎಲೆಗಳು. ಕೈಯಿಂದ ಒರೆಸಿ ಕೂತೆ, ತಂಪು ಚಡ್ಡಿಯ ತನಕ ಏರಿತು, ಅಮ್ಮನಿಗೆ ಫೋನು ಮಾಡಬೇಕು ಈಗಲೇ, ಅವಳಿಗೆ ಹೇಳಬೇಕು, ನಿನ್ನ ಕಲ್ಲಿನ ಮೇಲೆ ಕೂತಿದ್ದೀನಿ, ನಾನು ಮರೆತಿಲ್ಲ, ನಿನ್ನ ಪರವಾಗಿ ನಾನಿದ್ದೀನಿ. ಎತ್ತಿದಳು, ಹಿಂದೆ ನೀರಿನ ಸದ್ದು, ಏನು ಮಾಡ್ತಿದ್ದೀಯಮ್ಮ? ನದಿ ದಂಡೆ ಮೇಲೆ ನಡೀತಿದ್ದೀನಿ ಕಣೆ. ನಡೀತಿದ್ದೀಯಾ, ಮಂಡಿ? ಮಂಡಿ ಇದೆ ಅದರ ಪಾಡಿಗೆ, ದಿನಾ ನಡೀತೀನಲ್ಲ ಬೇಸಿಗೆಯಿಂದ, ನಿಮ್ಮಪ್ಪ ಹೇಳಿಲ್ವಾ? ಇಲ್ಲಮ್ಮ, ಅವರು ಯಾವತ್ತು ಏನು ಹೇಳಿದ್ದಾರೆ, ಕೇಳಮ್ಮ, ನಾನೀಗ ಅದೇ ಕಲ್ಲಿನ ಮೇಲೆ ಕೂತಿದ್ದೀನಿ, ಅವತ್ತು ಜ್ವರದಲ್ಲಿ ಅಪ್ಪ ನಿನ್ನನ್ನ ಬಿಟ್ಟು ಹೋದ್ರಲ್ಲ, ಆ ಕಲ್ಲು. ಯಾವ ಜ್ವರ? ಅಮ್ಮ, ಅವತ್ತು, ನಿನ್ನ ಕೈ ಸುಡ್ತಿತ್ತು. ಸಿಟ್ಟಿಗಿರಬೇಕು, ಎಂದು ನಕ್ಕಳು. ಅವಳು ನಕ್ಕಳು. ಬಿಟ್ಟು ಹೋದ್ರಾ ಅವರು? ಹೋಗಲ್ಲ ಅಂತ ಹಟ ಹಿಡಿದು ನಿಂತಿದ್ರು ಮಾರಾಯ್ತಿ, ಏಳು, ಎತ್ಕೊಂಡಾದ್ರೂ ಹೋಗ್ತೀನಿ ಅಂತ, ನಾನೇ ಕಳಿಸಿದ್ದು, ಇವೆರಡನ್ನೂ ಕರ್ಕೊಂಡು ನನ್ನ ಕಣ್ಣ ಮುಂದಿಂದ ಹೋಗಿ ಅಂದೆ, ಹೋಗಲಿಲ್ಲ, ಕೈಗೊಂದು ಕಲ್ಲು ತಗೊಂಡೆ, ಆಮೇಲೆ ಹೋದ್ರು.

ಇವೆರಡನ್ನೂ. ನಾನು ಮತ್ತು ಮಿತ್ಸುಹಿಕೊ, ಇವೆರಡು. ಯಾಕಮ್ಮ, ಎಂದೆ, ನನ್ನ ಗಂಟಲು ಮೂರನೇ ಕ್ಲಾಸಿನದಾಗಿತ್ತು. ಯಾಕೆ ಅಂದ್ರೆ ಏನು ಹೇಳಲಿ, ಮನೇಲಿ ನಮ್ಮತ್ತೆ, ನಿಮ್ಮಜ್ಜಿ, ನನ್ನನ್ನ ಏ ಹತ್ಸುಯೊ ಏ ಹತ್ಸುಯೊ ಅಂತ ಕೂಗೋಕೆ ಕಾಯ್ತಿರ್ತಾಳೆ, ದಾರೀಲಿ ಅವರ ಸೀಟಿ, ನೀವಿಬ್ಬರೂ ಬೆಳಗ್ಗೆ ಎದ್ದಾಗಿಂದ ಅಮ್ಮ ನೋಡು, ಅಮ್ಮ ಇವನು ಹೊಡೆದ, ಅಮ್ಮ ಉಚ್ಚೆ, ಆ ಮರದ ಹತ್ತಿರ ಬಂದಾಗ ನಿಮ್ಮ ಯಾರ ಮುಖವೂ ಬೇಡ ಅನ್ನಿಸ್ತು ನೋಡು, ಒಂದು ಗಳಿಗೆ ಅಲ್ಲ, ಯಾವತ್ತಿಗೂ, ನೀವೆಲ್ಲ ತಿರುವು ದಾಟಿ ಮರೆಯಾದ್ರಿ, ಸೀಟಿ ಸದ್ದು ನಿಂತಿತು, ಅಯ್ಯೋ ಎಂಥ ಸುಖ ಅಂತೀಯ, ನಾಲ್ಕೂ ಜನರ ಬುತ್ತಿ ನನ್ನ ಚೀಲದಲ್ಲೇ ಉಳಿದಿತ್ತು, ಮಡಿಲ ಮೇಲೆ ಬಟ್ಟೆ ಬಿಚ್ಚಿ ಅನ್ನದುಂಡೆ ಎಲ್ಲಾ ನಾನೇ ತಿಂದೆ, ಒಂದಾದ ಮೇಲೊಂದು, ಅವರದು, ಹುಡುಗಂದು. ನಂದು? ನಿಂದೂ ತಿಂದೆ, ಸಾಲ್ಮನ್ ಮೀನು ಹಾಕಿದ್ದೆ ನೋಡು ನಿನಗೆ ಅಂತ, ಅದೇ ಎಲ್ಲದಕ್ಕಿಂತ ಚೆನ್ನಾಗಿತ್ತು. ಆಮೇಲೆ ವಾಪಸ್ಸು ಮಾಗೊಮೆ ಕಡೆ ನಡೆದುಬಿಡೋಣ ಅಂತ ಎದ್ದೆ, ನಡೆದೆ ಕೂಡ ಸ್ವಲ್ಪ ದೂರ, ಅಲ್ಲಿಂದ ಯಾವುದಾದ್ರೂ ಬಸ್ಸು, ಎಲ್ಲಿಗಾದ್ರೂ. ಮತ್ತೆ ನಮಗೋಸ್ಕರ ತಿರುಗಿ ಬಂದೆ ಅಲ್ವಾಮ್ಮ. ಇಲ್ಲ ಕಣೆ, ಕತ್ತಲಾಯ್ತು. ಅಷ್ಟು ಹೇಳಿ ಯಾರಿಗೋ ನಮಸ್ಕಾರ ನಮಸ್ಕಾರ ಎಂದಳು, ದಂಡೆಯ ಮೇಲೆ ಎದುರು ಸಿಕ್ಕವರಿರಬೇಕು, ಆಮೇಲೆ ನನಗೆ, ನೋಡು ಚಿಜು, ಈ ಸಲ ನೀನೂ ನಿಮ್ಮಪ್ಪನೂ ಬಸ್ಸಲ್ಲಿ ಹೋಗಿ, ಅವರ ಕಾಲಿಗೆ ಈಗ ಅಷ್ಟು ದೂರ ಆಗಲ್ಲ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ, ಮಾಗೊಮೆಯಿಂದ ನಾನೊಬ್ಬಳೇ ನಡೀತೀನಿ. ಅಮ್ಮ, ಬಿದ್ದುಗಿದ್ದರೆ? ಬಿದ್ದರೆ ಬಿದ್ದೆ, ಬಿದ್ದ ಮೇಲಾದ್ರೂ ಸ್ವಲ್ಪ ಹೊತ್ತು ಸುಮ್ನೆ ಮಲಗಿರ್ತೀನಿ, ಯಾರೂ ಬಂದು ಎಣ್ಣೆ ಹಚ್ಚೋದು ಬೇಡ, ಇಡ್ತೀನಿ, ಉಸಿರು ಹತ್ತತ್ತೆ ಮಾತಾಡಿದ್ರೆ.

ಯಾರೂ ಬಂದು ಎಣ್ಣೆ ಹಚ್ಚೋದು ಬೇಡ. ಕಲ್ಲಿನಿಂದ ಎದ್ದೆ, ನಿಂತಲ್ಲೇ ನಿಂತೆ, ಪ್ಯಾಂಟಿನ ಹಿಂದೆ ಒದ್ದೆ, ಹೆಗಲ ಚೀಲದ ಪಟ್ಟಿ ಎಳೆದುಕೊಂಡೆ, ಯಾರಿಗೆ ಬಯ್ಯಲಿ ಈಗ, ಇಷ್ಟು ವರ್ಷ ಹದವಾಗಿ ಸಾಣೆ ಹಿಡಿದಿಟ್ಟ ಮಚ್ಚು, ಬೀಸಲು ಹೋದರೆ ಎದುರಿಗೆ ನಿಲ್ಲಬೇಕಾದವನೇ ಪಕ್ಕಕ್ಕೆ ಸರಿದಿದ್ದಾನೆ, ಮುದಿಗೂಬೆ, ಮೂರು ಅಕ್ಷರ ಹೇಳಲು ಬಾಯಿಗೆ ಏನಾಗಿತ್ತು, ಹೌದು ಬಿಟ್ಟು ಬಂದೆ ಏನೀಗ ಅಂತೆ! ಹಾಗೆಂದು ಅವರು ಒಳ್ಳೆಯವರೇನೂ ಆಗಲಿಲ್ಲ, ಆ ಲೊಚ್ ಲೊಚ್ಚೇ, ನನ್ನ ಮದುವೆಯ ಮಾತು ಮುರಿದಾಗ ಒಳ್ಳೇದಾಯ್ತು ಎಂದು ಪೇಪರು ತಿರುವಿದ್ದು ಅವರೇ, ದ್ವೇಷಿಸಲು ಬೇರೆ ಕಾರಣಗಳು ಬೇಕಾದಷ್ಟಿವೆ, ಇವೆ, ಆದರೆ ದೊಡ್ಡದು ಹೋಯಿತು, ಮನೆಯ ನಡುಗಂಬ ಕಿತ್ತ ಹಾಗೆ, ಮಾಡು ಎಲ್ಲಿ ಕೂರುತ್ತದೆ ಗೊತ್ತಾಗುತ್ತಿಲ್ಲ. ಮತ್ತೆ ಅವಳು. ಅವಳ ಮಂಡಿ ಹಿಡಿದು ಕೂತ ನನ್ನ ಭಾನುವಾರಗಳು. ಏರುತ್ತಿದ್ದೇನೆ, ಕಾಲು ತಾನಾಗಿ ಏರುತ್ತಿದೆ, ಆವತ್ತು ನಮಗೆ ಹಸಿವಾಗಿತ್ತು, ಈಗ ನೆನಪಾಗುತ್ತಿದೆ, ಎಂಥ ಹಸಿವು, ತ್ಸುಮಾಗೊದ ಬಸ್ಸು ನಿಲ್ಲುವ ಜಾಗದಲ್ಲಿ ಮುಚ್ಚಿದ ಅಂಗಡಿಯ ಜಗಲಿ, ಮಿತ್ಸುಹಿಕೊ ಹಸಿವಿಗೆ ತನ್ನ ತೋಳನ್ನೇ ಚೀಪುತ್ತಿದ್ದ, ಬುತ್ತಿ ಅಮ್ಮನ ಹತ್ತಿರ ಇದೆ, ಬರ್ತಾಳೆ, ತರ್ತಾಳೆ, ಎಂದು ನಾನು ಸಮಾಧಾನ ಹೇಳಿದ್ದೆ, ಅಪ್ಪ ಕೂರಲಿಲ್ಲ, ದಾರಿಯ ಕಡೆ ಮುಖ ಮಾಡಿ ನಿಂತೇ ಇದ್ದರು, ಸಿಟ್ಟಿಗೆ ಅಂದುಕೊಂಡಿದ್ದೆ. ನಾನು ಬರ್ತಾಳೆ ತರ್ತಾಳೆ ಅನ್ನುತ್ತಿದ್ದ ಆ ಹೊತ್ತಿಗೆ ಅವಳು ಆ ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ಬಟ್ಟೆ ಬಿಚ್ಚಿ, ನನ್ನ ಅನ್ನದುಂಡೆಯನ್ನು ಎರಡೂ ಕೈಯಲ್ಲಿ ಹಿಡಿದು —

ಚಹಾ ಮನೆ. ಒಲೆಯ ಹೊಗೆ ಕಣ್ಣಿಗೆ ಹೊಡೆಯಿತು, ಕಪ್ಪು ಹಿಡಿದ ತೊಲೆಗಳು, ಬೆಂಚಿದೆ, ಶೌಚಾಲಯವಿದೆ, ನೋಡಿಕೊಂಡೆ, ಯಾರಿಗೆ ನೋಡಿಕೊಂಡೆನೋ. ಊರುಗೋಲಿನ ಜೋಡಿ ಇಲ್ಲೂ ಕೂತಿದೆ, ನನ್ನನ್ನು ಕಂಡು ಹಳೆಯ ನೆಂಟರ ಹಾಗೆ ಕೈ ಬೀಸುತ್ತಿದೆ, ಕುಳಿತುಕೊಳ್ಳಿ ಕುಳಿತುಕೊಳ್ಳಿ ಎಂದು ಮನೆಯ ಯಜಮಾನ ಬಿಸಿ ಚಹಾ ಕೊಟ್ಟ, ತಟ್ಟೆಯಲ್ಲಿ ಮೂಲಂಗಿ ಉಪ್ಪಿನಕಾಯಿ, ಒಬ್ಬರೇ ಬಂದ್ರಾ, ಎಂದ. ಒಬ್ಬಳೇ, ಎಂದೆ. ಒಬ್ಬರೇ ಬರೋದೇ ಸುಖ ಬಿಡಿ, ಎಂದ, ಅವನ ತಲೆ ಮೇಲೆ ಆ ಬಿಸಿ ಚಹಾ ಸುರಿಯಬೇಕೆನಿಸಿತು. ಆ ವಿದೇಶಿ ಹೆಂಗಸು ಚೀಲದಿಂದ ಏನೋ ತೆಗೆದು ತಿನ್ನುತ್ತಿದ್ದಾಳೆ, ಕಡಲಪಾಚಿ ಸುತ್ತಿದ ಅನ್ನದುಂಡೆಯೇ, ಅಂಗಡಿಯದು, ಗಂಡನಿಗೂ ಅರ್ಧ ಮುರಿದು ಕೊಟ್ಟಳು, ನಾನು ನೋಡುತ್ತಿರುವುದನ್ನು ಕಂಡು ನನಗೂ ಚಾಚಿದಳು, ತಲೆಯಾಡಿಸಿದೆ, ಬೇಡ, ಅವಳ ತುಟಿಯ ಮೇಲೊಂದು ಅನ್ನದ ಅಗುಳು, ಅಮ್ಮನ ತುಟಿಯ ಮೇಲೂ ಇತ್ತೇ, ಹೊತ್ತು ಮುಳುಗುವಾಗ ಇಳಿದು ಬಂದ ಆ ಮುಖದ ಮೇಲೆ, ನಾನು ಓಡಿ ಹೋಗಿ ಸೊಂಟ ತಬ್ಬಿದ್ದೆ, ಹೊಟ್ಟೆಗೆ ಕಿವಿ ಇಟ್ಟಿದ್ದೆ, ಒಳಗೆ ನನ್ನ ಸಾಲ್ಮನ್ನು. ಅಮ್ಮ, ಬುತ್ತಿ ಎಲ್ಲಿ ಎಂದು ಮಿತ್ಸುಹಿಕೊ ಕೇಳಿದ್ದ, ಅವಳು ಏನೆಂದಳು, ಬಿದ್ದೋಯ್ತು ಕಣೋ, ಬಿದ್ದೋಯ್ತು ಎಂದಳು, ನಾನು ಅತ್ತೆ, ಬುತ್ತಿಗಲ್ಲ, ಅದನ್ನು ಹುಡುಕಲೂ ಆಗದಷ್ಟು ಜ್ವರ ಪಾಪ ಎಂದು.

ಘಟ್ಟದ ನೆತ್ತಿ. ಇಷ್ಟೇನಾ, ಒಂದು ಡಾಂಬರು ರಸ್ತೆ, ಒಂದು ಹಲಗೆ, ಗಾಳಿ. ಫೋನು, ಮತ್ತೆ ಅವರೇ, ಎತ್ತಿದೆ, ಎಲ್ಲಿದ್ದೀಯ ಎನ್ನುವ ಮೊದಲೇ ನಾನೇ ಕೇಳಿದೆ, ಅಪ್ಪ, ಅವತ್ತು ಅಮ್ಮ ಕಲ್ಲು ಎತ್ತಿದ್ಲಂತೆ, ನಿಜವಾ? ಏನು ಎಳ್ಳು? ಕಲ್ಲು ಅಪ್ಪ, ಕಲ್ಲು, ಕ-ಲ್ಲು! ನಿಂತಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ. ಈ ಸಲ ಲೊಚ್ ಬರಲಿಲ್ಲ, ಎತ್ತಿದ್ದಲ್ಲ, ಎಸೆದಳು, ಗುರಿ ಸರಿ ಇರಲಿಲ್ಲ. ಯಾಕೆ ಹೇಳಲಿಲ್ಲ ಅಪ್ಪ, ಇಷ್ಟು ವರ್ಷ ನಾನು ನಿಮ್ಮನ್ನ — ನೀನು ಕೇಳಿದ್ದು ಯಾವಾಗ, ಬಯ್ದೆ, ಕೇಳಲಿಲ್ಲ. ಹೇಳಬಹುದಿತ್ತಲ್ಲ! ಏನಂತ ಹೇಳೋದು, ನಿಮ್ಮಮ್ಮನಿಗೆ ನೀವು ಬೇಡವಂತೆ ಅಂತ ಮಕ್ಕಳಿಗೆ ಹೇಳೋ ಮಾತಾ ಅದು, ಮೂರನೇ ಕ್ಲಾಸಿನ ಮಗೂಗೆ. ನಾನೀಗ ಮೂರನೇ ಕ್ಲಾಸಲ್ಲ ಅಪ್ಪ. ಗೊತ್ತು, ನೋಡಿದ್ರೆ ಗೊತ್ತಾಗುತ್ತೆ. ನೋಡಿದೆಯಾ, ಒಂದು ಗಳಿಗೆ ಮನುಷ್ಯನಾಗಿದ್ದು ಮತ್ತೆ ಮೇಷ್ಟ್ರಾದರು. ಕೇಳಿಲ್ಲಿ, ಎಂದರು, ದನಿ ತಗ್ಗಿಸಿ, ಅವರ ತಗ್ಗಿದ ದನಿ ಬೇರೆಯವರ ಕೂಗಿನಷ್ಟು, ಮಾಗೊಮೆಯಲ್ಲಿ ತಂಗೋ ಮನೆ ನೋಡ್ತೀಯಲ್ಲ, ಮೂವರಿಗೂ ಒಂದೇ ಕೋಣೆ ಹೇಳಬೇಡ, ಅವಳಿಗೊಂದು ಬೇರೆ ಕೋಣೆ ಹಾಕ್ಸು, ಕಿಟಕಿಯಿಂದ ಬೆಟ್ಟ ಕಾಣೋ ಹಾಗಿರ್ಲಿ, ಅವಳಿಗೆ ನಮ್ಮನ್ನ ಕಂಡ್ರೆ ಆಗಲ್ಲ. ನಮ್ಮನ್ನ ಅಂದ್ರೆ? ನಮ್ಮನ್ನ ಅಂದ್ರೆ ನಿನ್ನನ್ನ, ನನ್ನನ್ನ. ನೀನು ನಾನು ಒಂದೇ ಕೋಣೆ, ನಿನಗೆ ಗೊರಕೆ ಅಂತ ನಿಮ್ಮಮ್ಮ ಹೇಳ್ತಾಳೆ, ಪರವಾಗಿಲ್ಲ, ನನಗೆ ಕಿವಿ ಕೇಳಲ್ಲ. ಇಟ್ಟರು. ನನಗೆ ಕಿವಿ ಕೇಳಲ್ಲ ಎಂದು ಆ ಬಾಯಿಂದ ಈ ಜನ್ಮದಲ್ಲಿ ಇದೇ ಮೊದಲು, ಅದೂ ನನ್ನ ಗೊರಕೆಯ ವಿಷಯಕ್ಕೆ.

ಇಳಿಜಾರು, ಬಿದಿರು, ಗದ್ದೆಯಲ್ಲಿ ಕೊಯ್ದು ಕವುಚಿ ಹಾಕಿದ ಭತ್ತದ ಸಿವುಡು, ಮಾಗೊಮೆಯ ಕಲ್ಲುಬೀದಿ, ಎರಡೂ ಕಡೆ ಅಂಗಡಿ, ಕೋಲಿಗೆ ಅಂಟಿಸಿ ಸುಡುವ ಅನ್ನದ ಬಿಲ್ಲೆಯ ವಾಸನೆ, ಆಕ್ರೋಟದ ಗೊಜ್ಜು ಬೆಂಕಿಗೆ ಸೀಯುತ್ತಿದೆ, ಬೆಳಗಿನಿಂದ ಏನೂ ತಿಂದಿಲ್ಲ, ತಿನ್ನುವುದಿಲ್ಲ. ಅವಳು ಇಲ್ಲಿಂದ ಹೊರಡುತ್ತಾಳೆ, ಈ ಬೀದಿಯನ್ನು ಹತ್ತಿ, ತಲೆಗೆ ಟವೆಲು ಕಟ್ಟಿ, ಒಬ್ಬಳೇ, ನಾನು ಅಪ್ಪನ ಜೊತೆ ಬಸ್ಸಿನಲ್ಲಿ ಕೂತು ತ್ಸುಮಾಗೊಗೆ ಹೋಗಿ ಅವಳು ಇಳಿದು ಬರುವುದನ್ನು ಕಾಯಬೇಕು, ಮತ್ತೆ, ಈ ವಯಸ್ಸಿನಲ್ಲಿ ಮತ್ತೆ, ಬರ್ತಾಳೆ ಬರ್ತಾಳೆ ಎಂದು, ಅವರು ಕೂರುವುದಿಲ್ಲ, ದಾರಿಯ ಕಡೆ ಮುಖ ಮಾಡಿ ನಿಂತಿರುತ್ತಾರೆ, ನಡುಗುವ ತೊಡೆಯಲ್ಲೇ, ಕೂತ್ಕೊಳ್ಳಿ ಅಪ್ಪ ಎಂದರೆ ಲೊಚ್ ಅನ್ನುತ್ತಾರೆ. ಬೇಡ ಎಂದುಬಿಡಬಹುದು. ಯಾತ್ರೆಯೂ ಬೇಡ ಗೀತ್ರೆಯೂ ಬೇಡ, ಮಳೆ ಬರುತ್ತೆ, ಕರಡಿ ಬರುತ್ತೆ, ನನಗೆ ರಜೆ ಸಿಗಲ್ಲ, ಡೌಟು, ಅವಳು ಬೀಳಲಿ ಬಿಡಲಿ, ನದಿ ದಂಡೆಯ ಮೇಲೇ ಬೀಳಲಿ, ನಮಸ್ಕಾರ ನಮಸ್ಕಾರ ಅನ್ನುತ್ತ. ತಂಗುಮನೆಯ ಬಾಗಿಲು ಸರಿಸಿದೆ, ಶೂ ಬಿಚ್ಚುವ ಕಲ್ಲಿನ ಹತ್ತಿರ ನಿಂತೆ, ಒಳಗಿಂದ ಯಜಮಾನಿ ಬಂದು ಮಂಡಿಯೂರಿ ಬನ್ನಿ ಬನ್ನಿ, ಫೋನು ಮಾಡಿದ್ದು ನೀವೇ ಅಲ್ವಾ ಹಿಬಿನೊ ಅವರು, ಅಪ್ಪ ಅಮ್ಮನ್ನ ಕರ್ಕೊಂಡು ಬರ್ತೀರಂತೆ, ಎಷ್ಟು ಒಳ್ಳೇ ಮಗಳು, ನಮ್ಮ ಹುಡುಗೀರಿಗೆ ನಿಮ್ಮನ್ನ ತೋರಿಸ್ಬೇಕು, ಮೂವರಿಗೂ ಸೇರಿ ಒಂದು ದೊಡ್ಡ ಕೋಣೆ ಕೊಡಲಾ?

ಇಲ್ಲ, ಎಂದೆ, ಎರಡು ಕೋಣೆ. ಓಹೋ, ಅಪ್ಪ ಅಮ್ಮನಿಗೆ ಒಂದು, ನಿಮಗೆ ಒಂದು. ಅಲ್ಲ, ಅಮ್ಮ ಒಬ್ಬಳಿಗೆ ಒಂದು, ಬೆಟ್ಟದ ಕಡೆಗೆ, ನನಗೂ ಅಪ್ಪನಿಗೂ ಒಂದು, ಯಾವ ಕಡೆಗಾದ್ರೂ ಸರಿ. ಅವಳ ಹುಬ್ಬು ಏರಿತು, ಇಳಿಯಿತು, ಒಳ್ಳೆಯ ಮನೆತನದ ನಗೆ ನಕ್ಕಳು, ಆಗಲಿ ಆಗಲಿ, ಮತ್ತೆ ಮಾರನೇ ದಿನ ದಾರಿಗೆ ಬುತ್ತಿ ಕಟ್ಟಿಸಬೇಕಾ, ಅನ್ನದುಂಡೆ ಮಾಡಿಸ್ತೀವಿ, ಎಷ್ಟು ಜನರಿಗೆ ಹೇಳಲಿ, ಎಂದು ಕೇಳುತ್ತಿದ್ದಾಳೆ, ಎಷ್ಟು ಜನರಿಗೆ ಹೇಳಲಿ, ಇನ್ನೊಮ್ಮೆ ಕೇಳುತ್ತಿದ್ದಾಳೆ, ನಾನು ಕೈಯಲ್ಲಿ ಒಂದು ಕಾಲಿನ ಶೂ ಹಿಡಿದು ನಿಂತಿದ್ದೇನೆ, ಬಯ್ಯಬೇಕು ಯಾರನ್ನಾದರೂ, ಬರುತ್ತಿಲ್ಲ, ಅಲ್ಲಿ ಮರದ ಬುಡದಲ್ಲಿ ಅಮ್ಮ ಕೂತಿದ್ದಾಳೆ, ಆವತ್ತಿನ ಅಮ್ಮ, ನನಗಿಂತ ಎಷ್ಟೋ ಚಿಕ್ಕವಳು, ಮಡಿಲಲ್ಲಿ ಬಟ್ಟೆ ಬಿಚ್ಚಿದೆ, ನನ್ನ ಅನ್ನದುಂಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಯಾರೂ ಕರೆಯುತ್ತಿಲ್ಲ ಅವಳನ್ನು, ಕಚ್ಚಿದಳು, ಕೆನ್ನೆ ಉಬ್ಬಿದೆ, ಅಗಿಯುತ್ತಿದ್ದಾಳೆ, ನಿಧಾನವಾಗಿ, ಕಣ್ಣು ಮುಚ್ಚಿ, ಅಗಿಯುತ್ತಿದ್ದಾಳೆ